ಸೇಂಟ್ ಸಿಪ್ರಿಯನ್ಸ್ ಶಾಲೆಯ ಮೂವರು ವಿದ್ಯಾರ್ಥಿಗಳು

ಗುರುವು ಶಿಷ್ಯನನ್ನು ಪರೀಕ್ಷಿಸುವುದು ಲೋಕರೂಢಿ. ಶಿಷ್ಯನು ಬೆಳೆದು ದೊಡ್ಡವನಾಗಿ, ಕೈಯಲ್ಲಿ ಲೇಖನಿಯನ್ನು ಹಿಡಿದು ಗುರುವನ್ನೇ ಪರೀಕ್ಷಿಸಲು ಕುಳಿತರೆ, ಆ ಪರೀಕ್ಷೆಯ ತೀರ್ಪನ್ನು ಪರಿಶೀಲಿಸುವವರು ಯಾರು? ಇಂಗ್ಲೆಂಡಿನ ಒಂದು ಬಾಲಕರ ಶಾಲೆಯ ಚರಿತ್ರೆಯಲ್ಲಿ ಈ ಪ್ರಶ್ನೆಯು ಎದ್ದಿತು. ಅಧ್ಯಾಪಕವೃತ್ತಿಯಲ್ಲಿ ಆಯುಷ್ಯವನ್ನು ಕಳೆದವರಿಗೂ, ಮಕ್ಕಳನ್ನು ಪರಸ್ಥಳದ ವಿದ್ಯಾಲಯಗಳಿಗೆ ಒಪ್ಪಿಸಿರುವ ಗೃಹಸ್ಥರಿಗೂ ಅದು ವಿಚಾರಾರ್ಹವಾದುದರಿಂದ ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇನೆ.

ಈಟನ್, ಹ್ಯಾರೋ ಮೊದಲಾದ ವಿದ್ಯಾಲಯಗಳನ್ನು ಆ ದೇಶದಲ್ಲಿ ಪಬ್ಲಿಕ್ ಸ್ಕೂಲುಗಳೆಂದು ಕರೆಯುವರು. ಹೆಸರು ಸಾರ್ವಜನಿಕವಾದರೂ ಅವು ಬಹುಮಟ್ಟಿಗೆ ಧನಿಕರ ಸಂಸ್ಥೆಗಳು. ಅವುಗಳ ಪ್ರವೇಶಕ್ಕಾಗಿ 8 ವರ್ಷದ ಬಾಲಕರನ್ನು ತಂದಿಟ್ಟುಕೊಂಡು 13 ವರ್ಷದವರೆಗೆ ಅಣಿಮಾಡುವ ವಸತಿಶಾಲೆಗಳಿಗೆ ಪ್ರಿಪರೇಟರಿ ಶಾಲೆಗಳೆಂದು ಹೆಸರು. ಸಸೆಕ್ಸ್ ಪ್ರಾಂತದ ಕಡಲತೀರದ ಈಸ್ಟ್‌ಬೋರ್ನ್ ಪಟ್ಟಣದಲ್ಲಿ 1899ರಲ್ಲಿ ವಾನ್ ವಿಲ್ಕ್ಸ್ ದಂಪತಿಗಳು ಸ್ಥಾಪಿಸಿದ ಸೇಂಟ್ ಸಿಪ್ರಿಯನ್ಸ್ ಶಾಲೆಯು ಇವುಗಳಲ್ಲೊಂದು. ಶಾಲೆಯ ನಿಜವಾದ ಆಡಳಿತವು ಯಜಮಾನಿತಿಯ ಕೈಯಲ್ಲಿದ್ದಿತು. ಹುಡುಗರು ತಮ್ಮತಮ್ಮಲ್ಲಿ ಆಕೆಯನ್ನು 'ಫ್ಲಿಪ್' ಎಂದು ಕರೆಯುತ್ತಿದ್ದರು. ಆಕೆಯ ಪ್ರಸನ್ನತೆಯೇ ಅವರಿಗೆ ಬಿಸಿಲು. ಆಕೆಯ ಅವಕೃಪೆಯೇ ಮೋಡ.

1916ರ ಸುಮಾರಿಗೆ ಮೂವರು ಬಾಲಕರು ಈ ಶಾಲೆಯಲ್ಲಿ ಏಕಕಾಲಕ್ಕೆ ಇದ್ದರು. ಒಬ್ಬನು ಎರಿಕ್ ಬ್ಲೇರ್. ಈತನು 1903ರಲ್ಲಿ ನಮ್ಮ ದೇಶದ ಬಿಹಾರ ಪ್ರಾಂತದ ಮೋತಿಹಾರಿಯಲ್ಲಿ ಜನಿಸಿದವನು. ತಂದೆಯು ಅಂದಿನ ಸರ್ಕಾರದ ಅಫೀಮು ಇಲಾಖೆಯಲ್ಲಿ ನೌಕರ. ಈ ಬಾಲಕನೇ ಮುಂದೆ ಜಾರ್ಜ್ ಆರ್ವೆಲ್ ಎಂಬ ಕಾವ್ಯನಾಮದಿಂದ ಲೋಕವಿಖ್ಯಾತನಾದನು. ಎರಡನೆಯವನು ಸಿರಿಲ್ ಕಾನಲಿ. ಸೈನ್ಯಾಧಿಕಾರಿಯ ಮಗ, ಮುಂದೆ ವಿಮರ್ಶಕನೆಂದು ಹೆಸರಾದವನು. ಮೂರನೆಯವನು ಸೆಸಿಲ್ ಬೀಟನ್. ಮರದ ವ್ಯಾಪಾರಿಯ ಮಗ, ಛಾಯಾಗ್ರಹಣದಲ್ಲಿ ಕೀರ್ತಿಯನ್ನು ಗಳಿಸಿ, ಎರಡನೆಯ ಮಹಾಯುದ್ಧಕಾಲದಲ್ಲಿ ಭರತಖಂಡಕ್ಕೂ ಬಂದು ಚಿತ್ರಗಳನ್ನು ತೆಗೆದವನು.

ಶಾಲೆಯನ್ನು ಬಿಡುವ ಮುನ್ನಿನ ವರ್ಷವು ಇಂಥ ಬಾಲಕರಿಗೆ ಅಗ್ನಿಪರೀಕ್ಷೆಯ ಕಾಲ. ಲ್ಯಾಟಿನ್, ಗ್ರೀಕ್ ಭಾಷೆಗಳಲ್ಲಿ ಉತ್ತೀರ್ಣರಾಗಿ ವಿದ್ಯಾರ್ಥಿವೇತನವನ್ನು ಗೆದ್ದರೆ ಹುಡುಗನಿಗೂ ಲಾಭ, ಶಾಲೆಗೂ ಖ್ಯಾತಿ. ಹ್ಯಾರೋ ಚರಿತ್ರೆಯ ಬಹುಮಾನವೆಂಬ ಸ್ಪರ್ಧೆಯೂ ಇದ್ದಿತು. ಇಸವಿಯನ್ನು ಕೇಳಿದೊಡನೆ ಘಟನೆಯನ್ನು ಕೂಗಿ ಹೇಳುವ ಅಭ್ಯಾಸವನ್ನು ಅದಕ್ಕಾಗಿ ಮಾಡಿಸುತ್ತಿದ್ದರಂತೆ. ನಮ್ಮ ಔರಂಗಜೇಬನು ಮರಣ ಹೊಂದಿದ 1707ನೆಯ ಇಸವಿಯೂ ಅವುಗಳಲ್ಲಿ ಸೇರಿದ್ದಿತು! ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿ ಬೆಳೆದ ನಾನು ಕಂಠಪಾಠವನ್ನೇ ನಿಂದಿಸಲಾರೆ. ಕಂಠಸ್ಥವಾದುದು ಕಾಲಕ್ರಮದಲ್ಲಿ ಅರ್ಥದ ಬಾಗಿಲನ್ನು ತೆರೆಯಬೇಕು. ಬಹುಮಾನದ ಬಾಗಿಲನ್ನು ಮಾತ್ರ ತೆರೆದರೆ ಅದು ಗಿಳಿಪಾಠವೇ ಸರಿ. ಆ ಸ್ಪರ್ಧೆಯಲ್ಲಿ ಕಾನಲಿಗೆ ಪ್ರಥಮ ಸ್ಥಾನವೂ ಬ್ಲೇರನಿಗೆ ದ್ವಿತೀಯ ಸ್ಥಾನವೂ ದೊರೆತವು.

ಆದರೂ ಬಾಲ್ಯವು ಬರಿಯ ಪರೀಕ್ಷೆಯಲ್ಲ. ಬ್ಲೇರನೂ ಕಾನಲಿಯೂ ಪದ್ಯಗಳನ್ನು ಬರೆದು ಪರಸ್ಪರ ತೋರಿಸಿಕೊಳ್ಳುತ್ತಿದ್ದರು. ಮೊದಲನೆಯ ಮಹಾಯುದ್ಧವು ಆರಂಭವಾದ 1914ರಲ್ಲಿ, 11 ವರ್ಷದ ಬ್ಲೇರನ ದೇಶಭಕ್ತಿಯ ಪದ್ಯವು ಹೆನ್ಲಿ ಪಟ್ಟಣದ ಪತ್ರಿಕೆಯಲ್ಲಿ ಅಚ್ಚಾಯಿತು. 1916ರಲ್ಲಿ ಸೇನಾನಿ ಕಿಚನರನ ಮರಣವನ್ನು ಕುರಿತ ಇನ್ನೊಂದು ಪದ್ಯವೂ ಪ್ರಕಟವಾಯಿತು. ಬೀಟನನ ಕಂಠಮಾಧುರ್ಯವು ಶಾಲೆಯ ಸಂಗೀತಸಭೆಗಳಲ್ಲಿ ಎಲ್ಲರನ್ನೂ ಮೋಹಗೊಳಿಸುತ್ತಿದ್ದಿತೆಂದು ಕಾನಲಿಯು ಸ್ಮರಿಸಿದ್ದಾನೆ. ಹುಡುಗರನ್ನು ಗುಡ್ಡಗಾಡಿಗೆ ಕರೆದೊಯ್ದು ಚಿಟ್ಟೆಗಳ ಪರಿಚಯವನ್ನು ಮಾಡಿಸುತ್ತಿದ್ದ ಉಪಾಧ್ಯಾಯರೊಬ್ಬರನ್ನು ಕುರಿತು, ಕಟುವಾಗಿ ಬರೆದ ಆರ್ವೆಲನೂ ಅಕ್ಕರೆಯಿಂದಲೇ ಬರೆದಿದ್ದಾನೆ.

ಬ್ಲೇರನು 1917ರಲ್ಲಿ ಈಟನ್ ವಿದ್ಯಾಲಯವನ್ನು ಸೇರಿದನು. ಕಾನಲಿಯು 1918ರಲ್ಲಿ ಅಲ್ಲಿಗೇ ಹೋದನು. ಬೀಟನನು ಹ್ಯಾರೋಗೆ ಹೋದನು. ಶಾಲೆಯ ದೃಷ್ಟಿಯಲ್ಲಿ ಇದು ಪೂರ್ಣ ಸಾಫಲ್ಯ. ಆದರೆ ಇಪ್ಪತ್ತು ವರ್ಷಗಳ ಮೇಲೆ, 1938ರಲ್ಲಿ, ಕಾನಲಿಯು ತನ್ನ ಗ್ರಂಥವೊಂದರಲ್ಲಿ ಶಾಲೆಯ ಹೆಸರನ್ನು ಮರೆಮಾಚಿ, ಯಜಮಾನಿತಿಯನ್ನು ಪರಿಹಾಸದಿಂದ ಚಿತ್ರಿಸಿದನು. ಆಕೆಗೆ ಬಹಳ ನೋವಾಯಿತು. ಆರ್ವೆಲನ ಪ್ರಬಂಧವು ಇನ್ನೂ ತೀಕ್ಷ್ಣವಾದುದು. ಆತನು 1950ರಲ್ಲಿ ತೀರಿಕೊಂಡ ತರುವಾಯ, 1952ರಲ್ಲಿ, ಅದು ಅಮೆರಿಕದಲ್ಲಿ ಪ್ರಕಟವಾಯಿತು. ಮಾನನಷ್ಟದ ಮೊಕದ್ದಮೆಯ ಭಯದಿಂದ ಇಂಗ್ಲೆಂಡಿನಲ್ಲಿ ಮಾತ್ರ, ಆ ವೃದ್ಧೆಯು 1967ರಲ್ಲಿ ನಿಧನಳಾಗುವವರೆಗೆ ಅದನ್ನು ಅಚ್ಚುಮಾಡಲಿಲ್ಲ.

ಆರ್ವೆಲನು ಹೊರಿಸಿದ ಆರೋಪಗಳು ಸಾಮಾನ್ಯವಲ್ಲ: ಹಾಸಿಗೆಯಲ್ಲಿ ಮೂತ್ರವಾದುದಕ್ಕೆ ಬೆತ್ತದ ಪೆಟ್ಟು, ಚಳಿ, ಕೊಳಕು, ಸಿರಿವಂತರ ಮಕ್ಕಳಿಗೆ ಪಕ್ಷಪಾತ. ಎಲ್ಲಕ್ಕಿಂತ ಆಳವಾದ ಗಾಯವು ಮತ್ತೊಂದು. ವರ್ಷಕ್ಕೆ 180 ಪೌಂಡುಗಳಿದ್ದ ಶುಲ್ಕದಲ್ಲಿ ಅರ್ಧವನ್ನು ಮಾತ್ರ ತೆಗೆದುಕೊಂಡು ಆತನನ್ನು ಸೇರಿಸಿಕೊಂಡಿದ್ದರು. ಓದಿನಲ್ಲಿ ಹಿಂಜರಿದಾಗಲೆಲ್ಲ ಆ ಉಪಕಾರವನ್ನು ಆಡಿ ತೋರಿಸುತ್ತಿದ್ದರು ಎಂದು ಆತನ ದೂರು.

ಇದಕ್ಕೆ ಪ್ರತಿಸಾಕ್ಷ್ಯಗಳೂ ಉಂಟು. ಅದೇ ಶಾಲೆಯ ವಿದ್ಯಾರ್ಥಿಯಾಗಿದ್ದ ಹೆನ್ರಿ ಲಾಂಗ್‌ಹರ್ಸ್ಟನು ಆ ಯಜಮಾನಿತಿಯನ್ನು ಅಸಾಧಾರಣ ಸ್ತ್ರೀಯೆಂದು ಹೊಗಳಿದನು. ರಜಾದಿನಗಳಲ್ಲಿ ಬ್ಲೇರನ ಒಡನಾಡಿಯಾಗಿದ್ದ ಜಸಿಂತಾ ಬಡಿಕಮ್ ಎಂಬಾಕೆಯು 1974ರಲ್ಲಿ ಗ್ರಂಥವೊಂದನ್ನು ಬರೆದು, ಆತನು ಸಂತೋಷದಿಂದಿದ್ದ ಬಾಲಕನೆಂದು ವಾದಿಸಿದಳು. ಕಾನಲಿಯೂ ಮುಪ್ಪಿನಲ್ಲಿ, ಶಾಲೆಯವರು ತನ್ನ ತಂದೆತಾಯಿಗಳಿಗೆ ಬರೆದಿದ್ದ ಪತ್ರಗಳನ್ನು ಓದಿ, ತನಗಾಗಿ ಅವರು ವಹಿಸಿದ್ದ ಶ್ರಮವನ್ನು ಕಂಡು ಪಶ್ಚಾತ್ತಾಪಪಟ್ಟನು.

ಹಾಗಾದರೆ ಸತ್ಯವೆಲ್ಲಿ? ಸಾಕ್ಷಿಗಳು ಭಿನ್ನವಾಗಿ ನುಡಿದೊಡನೆ ಒಬ್ಬನನ್ನು ಸುಳ್ಳುಗಾರನೆನ್ನುವುದು ಚರಿತ್ರಕಾರನ ಧರ್ಮವಲ್ಲ. ಯಾರು ಎಲ್ಲಿ ನಿಂತು ನೋಡಿದರೆಂಬುದನ್ನು ಅವನು ಮೊದಲು ವಿಚಾರಿಸಬೇಕು. ಜಸಿಂತಾ ಕಂಡದ್ದು ರಜೆಯ ಬಾಲಕನನ್ನು. ಶಾಲೆಯ ರಾತ್ರಿಗಳನ್ನು ಆಕೆ ಕಂಡವಳಲ್ಲ. ಪತ್ರಗಳಲ್ಲಿರುವುದು ಗುರುಗಳ ಉದ್ದೇಶ. ಬಾಲಕನ ಮನಸ್ಸಿನಲ್ಲಿ ಉಳಿದದ್ದು ಅದರ ಪರಿಣಾಮ. ಮಗುವಿನ ಸ್ಮೃತಿಯು ಎಲ್ಲವನ್ನೂ ಹಿಗ್ಗಿಸಿ ಕಾಣುವುದೆಂಬುದನ್ನು ಆರ್ವೆಲನೇ ತನ್ನ ಪ್ರಬಂಧದಲ್ಲಿ ಒಪ್ಪಿದ್ದಾನೆ. ಆದರೆ ಹಿಗ್ಗಿದ ನೋವೂ ನೋವೇ.

ನನ್ನ ಅಭಿಪ್ರಾಯದಲ್ಲಿ ಶುಲ್ಕವನ್ನು ಇಳಿಸಿದ್ದು ದಂಪತಿಗಳ ನಿಜವಾದ ಔದಾರ್ಯ. ಅದರಲ್ಲಿ ಶಾಲೆಯ ಕೀರ್ತಿಯ ಆಸೆಯೂ ಬೆರೆತಿದ್ದಿರಬಹುದು. ಆ ಔದಾರ್ಯವಿಲ್ಲದಿದ್ದರೆ ಬ್ಲೇರನಿಗೆ ಈಟನ್ನಿನ ದಾರಿಯು ದುರ್ಗಮವಾಗುತ್ತಿದ್ದಿತು. ಆದರೆ ವಿದ್ಯಾದಾನವನ್ನು ಶ್ರೇಷ್ಠವೆಂದು ನಮ್ಮ ಹಿರಿಯರು ಹೇಳಿದ್ದು ಅದು ಸಾಲವಲ್ಲವೆಂಬ ಕಾರಣದಿಂದ. ವಾರಾನ್ನವನ್ನು ಉಂಡು ಓದಿದವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಎಲೆಯ ಮುಂದೆ ಲೆಕ್ಕವನ್ನು ಹೇಳದ ಮನೆಯನ್ನು ಅವರು ಸಾಯುವವರೆಗೂ ನೆನೆದರು. ಲೆಕ್ಕ ಹೇಳಿದ ಮನೆಯ ಅನ್ನವೂ ಹಸಿವನ್ನು ಅಡಗಿಸಿತು, ಆದರೆ ಅರಗಲಿಲ್ಲ.

ಸೇಂಟ್ ಸಿಪ್ರಿಯನ್ಸ್ ಶಾಲೆಯ ಕಟ್ಟಡವು 1939ರಲ್ಲಿ ಅಗ್ನಿಗೆ ಆಹುತಿಯಾಯಿತು. ಕೆಲವೇ ವರ್ಷಗಳಲ್ಲಿ ಶಾಲೆಯೂ ಅಂತರಿಸಿತು. ಗೆದ್ದ ಬಹುಮಾನಗಳನ್ನು ಈಗ ಕೇಳುವವರಿಲ್ಲ. ಬಡ ಬಾಲಕನೊಬ್ಬನಿಗೆ ಆಡಿದ ಮಾತು ಮಾತ್ರ ಇಂದಿಗೂ ಗ್ರಂಥಸ್ಥವಾಗಿ ಉಳಿದಿದೆ.