ಮೂಲ ಕಡತ ಯಾರದು? ಮಧುಗಿರಿ ಸೀಮೆಯ ವಿನ್ಯಾಸ ವೃತ್ತಿ ಮತ್ತು ಕೃತಿಸ್ವಾಮ್ಯ

ಸಾರಾಂಶ: ಸ್ವತಂತ್ರ ವಿನ್ಯಾಸಕರು ಮುದ್ರಣಕ್ಕೆ ಸಿದ್ಧವಾದ ಪ್ರತಿಯ ಜೊತೆಗೆ ಮೂಲ ಕಡತವನ್ನೂ ಗ್ರಾಹಕರಿಗೆ ಕೊಡಬೇಕೆ ಎಂಬುದನ್ನು ಈ ಲೇಖನ 1957ರ ಕೃತಿಸ್ವಾಮ್ಯ ಕಾಯ್ದೆಯ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ. ಕಡತವನ್ನು ಪಠ್ಯ, ವಿನ್ಯಾಸ, ಅಕ್ಷರಶೈಲಿ ಎಂದು ಮೂರಾಗಿ ಬಿಡಿಸಿ ನೋಡಿದರೆ ಮಾತ್ರ ನ್ಯಾಯವಾದ ಉತ್ತರ ಸಿಗುತ್ತದೆ ಎಂಬುದು ಇಲ್ಲಿನ ವಾದ.

1. ಸಮಸ್ಯೆಯ ನೆಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಂಥ ಊರುಗಳ ಡಿಟಿಪಿ ಕೆಲಸಗಾರರ ಬಳಿಗೆ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್ ಪುಸ್ತಕ, ಫ್ಲೆಕ್ಸ್, ಶಾಲಾ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಗಳು ಬರುತ್ತವೆ. ಒಪ್ಪಂದ ಬಾಯಿಮಾತಿನಲ್ಲೇ ಮುಗಿಯುತ್ತದೆ. ಮುಂದಿನ ವರ್ಷ ದಿನಾಂಕ, ಅತಿಥಿಗಳ ಹೆಸರು ಬದಲಿಸಬೇಕಾದಾಗ ಗ್ರಾಹಕರು ‘ಓಪನ್ ಫೈಲ್’, ಅಂದರೆ ತಿದ್ದಲು ಬರುವ ಮೂಲ ಕಡತ, ಕೇಳುತ್ತಾರೆ. ಕೊಟ್ಟರೆ ವಿನ್ಯಾಸಕರಿಗೆ ವರ್ಷವರ್ಷವೂ ಬರುವ ಕೆಲಸ ಕೈತಪ್ಪಬಹುದು. ಕೊಡದಿದ್ದರೆ ಗ್ರಾಹಕರು ಒಬ್ಬರನ್ನೇ ನೆಚ್ಚಿಕೊಂಡಿರಬೇಕು. ಎರಡು ಆತಂಕಗಳೂ ನಿಜವೇ.

2. ಕಾಯ್ದೆಯ ನಿಲುವು

ಕಾಯ್ದೆಯ 17ನೇ ಕಲಮಿನಂತೆ ಕೃತಿಯನ್ನು ರಚಿಸಿದವರೇ ಅದರ ಮೊದಲ ಒಡೆಯರು. ಸಂಬಳಕ್ಕಿರುವ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಧಣಿಗೆ ಸೇರುತ್ತದೆ. ಸ್ವತಂತ್ರ ವಿನ್ಯಾಸಕರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಒಡೆತನವಾದರೋ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ಹೀಗಾಗಿ ಒಂದೇ ಲಗ್ನಪತ್ರಿಕೆಯಲ್ಲಿ ವಧೂವರರ ಚಿತ್ರ ಗ್ರಾಹಕರದು, ಅದರ ಸುತ್ತಣ ವಿನ್ಯಾಸ ವಿನ್ಯಾಸಕರದು ಎಂದಾಗಬಹುದು. ಸರ್ಕಾರದ ನಿರ್ದೇಶನದಲ್ಲಿ ಸಿದ್ಧವಾದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸರ್ಕಾರವೇ ಮೊದಲ ಒಡೆಯ. ಆದ್ದರಿಂದ ಸರ್ಕಾರಿ ಶಾಲೆಯ ಕೆಲಸವನ್ನೂ ಖಾಸಗಿ ಶಾಲೆಯ ಕೆಲಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಣ ಪಾವತಿಸಿದ ಮಾತ್ರಕ್ಕೆ ಹಕ್ಕು ಕೈ ಬದಲಾಗುವುದಿಲ್ಲ. 19ನೇ ಕಲಮಿನಂತೆ ಹಸ್ತಾಂತರ ಬರಹದಲ್ಲಿರಬೇಕು, ಅದಕ್ಕೆ ಹಕ್ಕುದಾರರ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ, ವ್ಯಾಪ್ತಿ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ಹಕ್ಕನ್ನು ಹಸ್ತಾಂತರಿಸಿದ ಮೇಲೂ ಕೃತಿ ತಮ್ಮದೆಂದು ಹೇಳಿಕೊಳ್ಳುವ ವಿಶೇಷ ಹಕ್ಕನ್ನು 57ನೇ ಕಲಮು ಕರ್ತೃವಿಗೆ ಉಳಿಸುತ್ತದೆ. ಇಷ್ಟಾದರೂ ಮೂಲ ಕಡತ ಕೊಡಲೇಬೇಕೆಂದಾಗಲಿ ಕೊಡಬಾರದೆಂದಾಗಲಿ ಕಾಯ್ದೆ ಹೇಳುವುದಿಲ್ಲ. ಕಡತದ ಪ್ರತಿ ಬೇರೆ, ಅದರಲ್ಲಿರುವ ಹಕ್ಕು ಬೇರೆ.

3. ಕನ್ನಡ ಕಡತದ ತೊಡಕು

ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಕೂಡಿಸಿದ ಪಠ್ಯ ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಓದಲಾಗದ ಚಿಹ್ನೆಗಳಾಗಿಬಿಡುತ್ತದೆ. ಪಾವಗಡದಲ್ಲಿ ಸಿದ್ಧವಾದ ಕಡತ ಗಡಿ ದಾಟಿ ಹಿಂದೂಪುರದ ಮುದ್ರಣಾಲಯಕ್ಕೆ ಹೋದರೂ ಇದೇ ಪಾಡು. ಇದನ್ನು ತಪ್ಪಿಸಲು ಕೋರಲ್‌ಡ್ರಾದಲ್ಲಿ ಅಕ್ಷರಗಳನ್ನು ‘ಕರ್ವ್’ ಮಾಡುತ್ತಾರೆ. ಆಗ ರೂಪ ಕೆಡುವುದಿಲ್ಲ, ಆದರೆ ಪಠ್ಯ ಪಠ್ಯವಾಗಿ ಉಳಿಯುವುದಿಲ್ಲ. ಒಂದು ಹೆಸರು ತಿದ್ದಲೂ ಮತ್ತೆ ಕೂಡಿಸಬೇಕು. ಅತ್ತ ಓಪನ್ ಫೈಲ್ ಸಿಕ್ಕರೂ ಅಕ್ಷರಶೈಲಿ ಮೂರನೆಯವರ ಸೊತ್ತು. ಅದರ ಪರವಾನಗಿ ಅನುಮತಿಸದಿದ್ದರೆ ವಿನ್ಯಾಸಕರು ಅದನ್ನು ಹಂಚುವಂತಿಲ್ಲ. ಕಡತ ಕೊಟ್ಟೆ ಎಂದವರೂ ಪಡೆದೆ ಎಂದವರೂ ಆಗ ಬರಿಗೈಯಲ್ಲೇ ಉಳಿಯುತ್ತಾರೆ.

4. ತೀರ್ಮಾನ

ಗ್ರಾಹಕರೇ ಬರೆದುಕೊಟ್ಟ ಪಠ್ಯ ಅವರದು. ತಿದ್ದಿದ ಅಂತಿಮ ಪಠ್ಯವನ್ನು ಯೂನಿಕೋಡ್‌ನಲ್ಲಿ, ಮುದ್ರಣ ಪ್ರತಿಯ ಜೊತೆಗೆ, ಕೇಳುವ ಮೊದಲೇ ಕೊಡುವುದು ವೃತ್ತಿಧರ್ಮ. ಪದರಗಳಿರುವ ವಿನ್ಯಾಸ ಕಡತಕ್ಕೆ ಬೇರೆ ಬೆಲೆ ಕೇಳುವುದು ವಿನ್ಯಾಸಕರ ಹಕ್ಕು. ಅದನ್ನು ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಬೇಕು, ಮುಗಿದ ಮೇಲಲ್ಲ. ಮುಖ್ಯೋಪಾಧ್ಯಾಯರು, ದೇವಾಲಯ ಸಮಿತಿಗಳು ಬದಲಾಗುತ್ತಿರುವ ಸಂಸ್ಥೆಗಳು ಲಾಂಛನದ ಮೂಲ ಕಡತವನ್ನಂತೂ ಬೆಲೆ ಕೊಟ್ಟು, ಬರಹದ ಮೂಲಕ ಪಡೆದಿಟ್ಟುಕೊಳ್ಳಬೇಕು. ಇದಕ್ಕೆ ವಕೀಲರೇ ಬೇಕೆಂದಿಲ್ಲ. ಏನು ಕೊಡಲಾಗಿದೆ, ಯಾವ ಬಳಕೆಗೆ, ಎಷ್ಟು ಕಾಲಕ್ಕೆ, ಎಲ್ಲಿಯವರೆಗೆ, ಎಷ್ಟು ಹಣಕ್ಕೆ ಎಂಬ ಐದು ಸಾಲುಗಳನ್ನು ರಸೀದಿಯಲ್ಲೇ ಬರೆದು ಸಹಿ ಹಾಕಿದರೆ ವಿನ್ಯಾಸಕರ ಅನ್ನವೂ ಗ್ರಾಹಕರ ಸ್ವಾತಂತ್ರ್ಯವೂ ಉಳಿಯುತ್ತವೆ.