ನಾರುಹುಣ್ಣಿನ ಚರಿತ್ರೆ: ನೀರು ಕೊಟ್ಟರೆ ಸಾಲದು

ಇಂದಿನ ಮಕ್ಕಳಿಗೆ ನಾರುಹುಣ್ಣು ಎಂಬ ರೋಗದ ಹೆಸರೇ ಗೊತ್ತಿಲ್ಲ. ಇದು ಸಂತೋಷದ ಸಂಗತಿ. ಆದರೆ ರಾಯಚೂರು, ಕಲಬುರಗಿ ಕಡೆಯಿಂದ ದುಡಿಮೆಗೆಂದು ಬಂದು ನಮ್ಮ ಸಿಂಗಾಪುರ, ಯಲಹಂಕದ ಸುತ್ತಮುತ್ತ ನೆಲೆಸಿರುವ ಕುಟುಂಬಗಳ ಹಿರಿಯರನ್ನು ಕೇಳಿ ನೋಡಿ. ಆ ಹೆಸರು ಅವರಿಗೆ ಮರೆತಿರಲಾರದು.

ಈ ರೋಗ ಬರುವುದು ಕುಡಿಯುವ ನೀರಿನಿಂದ. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಚುಕ್ಕೆಯಷ್ಟು ಸಣ್ಣ ಜೀವಿ ಇರುತ್ತದೆ. ಅದು ನಾರುಹುಳುವಿನ ಮರಿಗಳನ್ನು ನುಂಗಿರುತ್ತದೆ. ಆ ನೀರನ್ನು ಕುಡಿದವರ ದೇಹದೊಳಗೆ ಹುಳು ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಎರಡು ಮೂರು ಅಡಿ ಉದ್ದವಾದ ಹೆಣ್ಣು ಹುಳು ಕೊನೆಗೆ ಸಾಮಾನ್ಯವಾಗಿ ಕಾಲಿನ ಚರ್ಮದಲ್ಲಿ ಗುಳ್ಳೆ ಎಬ್ಬಿಸಿ ಹೊರಬರುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗಿಟ್ಟರೆ, ಹುಳು ಅಲ್ಲಿಯೇ ಲಕ್ಷಾಂತರ ಮರಿಗಳನ್ನು ಬಿಡುತ್ತದೆ. ಈ ರೋಗದಿಂದ ಸಾಯುವವರು ಕಡಿಮೆ. ಆದರೆ ದುಡಿಯುವವನು ವಾರಗಟ್ಟಲೆ ಹಾಸಿಗೆ ಹಿಡಿದರೆ ಹೊಲ ಬೀಳು ಬೀಳುತ್ತದೆ, ಮಗು ಶಾಲೆ ಬಿಟ್ಟು ಕೂಲಿಗೆ ಹೋಗುತ್ತದೆ.

ಚರ್ಮದಿಂದ ಹೊರಬರುವ ಹುಳುವನ್ನು ನಮ್ಮವರು ನಾರಿಗೆ ಹೋಲಿಸಿದರೆ ಅರಬ್ ವೈದ್ಯರು ಅದನ್ನು ‘ಇರ್ಖ್ ಮದನೀ’, ಅಂದರೆ ಮದೀನಾದ ನಾಳ ಎಂದು ಕರೆದರು. ಅದರ ವೈಜ್ಞಾನಿಕ ಹೆಸರಾದ ಡ್ರಾಕುಂಕ್ಯುಲಸ್ ಮೆಡಿನೆನ್ಸಿಸ್‌ನಲ್ಲಿಯೂ ಮದೀನಾ ಉಳಿದುಕೊಂಡಿದೆ. ಬುಖಾರಾದ ಬಳಿ ಹುಟ್ಟಿದ ಮಹಾನ್ ಹಕೀಮ ಇಬ್ನ್ ಸೀನಾ (980-1037) ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಈ ರೋಗವನ್ನು ವಿವರಿಸಿದ್ದಾರೆ. ಹುಳು ತುಂಡಾಗದಂತೆ ನಿಧಾನವಾಗಿ ಸುತ್ತಿ ಹೊರತೆಗೆಯುವ ವಿಧಾನ ಇಂದಿಗೂ ಬದಲಾಗಿಲ್ಲ, ಏಕೆಂದರೆ ಇದಕ್ಕೆ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ಆದರೆ ರೋಗ ಬರುವ ದಾರಿ ತಿಳಿಯಲು ಎಂಟು ಶತಮಾನಗಳು ಬೇಕಾದವು. ಸೈಕ್ಲಾಪ್ಸ್‌ನ ಪಾತ್ರವನ್ನು ರಷ್ಯಾದ ವಿಜ್ಞಾನಿ ಫೆಡ್ಚೆಂಕೊ 1870ರಲ್ಲಿ ಕಂಡುಹಿಡಿದದ್ದು ಅದೇ ಮಧ್ಯ ಏಷ್ಯಾದಲ್ಲಿ.

ಮಳೆ ಕಡಿಮೆಯಾದ ದಖನ್ ನಾಡಿನಲ್ಲಿ ನೀರು ಒದಗಿಸುವುದು ಬಹು ದೊಡ್ಡ ಪುಣ್ಯಕಾರ್ಯವಾಗಿತ್ತು. ಹಜ್ರತ್ ಉಸ್ಮಾನ್ (ರ) ಅವರು ಮದೀನಾದಲ್ಲಿ ರೂಮಾ ಬಾವಿಯನ್ನು ಕೊಂಡು ಜನರಿಗೆ ಬಿಟ್ಟುಕೊಟ್ಟದ್ದು ನಮಗೆಲ್ಲ ತಿಳಿದೇ ಇದೆ. ವಿಜಯಪುರದಲ್ಲಿ ಆದಿಲ್‌ಶಾಹಿಗಳು ಚಾಂದ್ ಬಾವಡಿ, ತಾಜ್ ಬಾವಡಿಗಳನ್ನು ಕಟ್ಟಿಸಿದರು. ಹಳ್ಳಿ ಹಳ್ಳಿಗಳಲ್ಲಿ ಎಲ್ಲ ಧರ್ಮಗಳ ದಾನಿಗಳು ಸಣ್ಣ ಸಣ್ಣ ಮೆಟ್ಟಿಲು ಬಾವಿಗಳನ್ನು ತೋಡಿಸಿದರು. ಅವರ ನಿಯ್ಯತ್ತಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಹುಣ್ಣಿನ ಕಾಲಿನವನೂ ಮೆಟ್ಟಿಲಿಳಿದು ನೀರಿನಲ್ಲಿ ನಿಂತೇ ಕೊಡ ತುಂಬಬೇಕಾಗಿತ್ತು. ನೀರಿಗೆ ಇಳಿಯುವ ಮೆಟ್ಟಿಲೇ ರೋಗದ ಮೆಟ್ಟಿಲಾಯಿತು.

1983-84ರಲ್ಲಿ ಭಾರತ ಸರ್ಕಾರ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. 1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಕಾರ್ಯಕರ್ತರು ಮನೆ ಮನೆಗೆ ಹೋಗಿ ರೋಗಿಗಳನ್ನು ಗುರುತಿಸಿದರು. ಹುಣ್ಣಿರುವವರು ನೀರಿಗೆ ಇಳಿಯಬಾರದೆಂದು, ಎರಡು ಪದರದ ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಬೇಕೆಂದು ಕಲಿಸಿದರು. ನೀರಿಗೆ ಟೆಮೆಫಾಸ್ ಹಾಕಿ ಸೈಕ್ಲಾಪ್ಸ್‌ಗಳನ್ನು ಕೊಂದರು. ಕೊಳವೆಬಾವಿಗಳನ್ನು ಕೊರೆಸಿದರು. ಮೆಟ್ಟಿಲು ಬಾವಿಗಳನ್ನು ಹಗ್ಗ ಹಾಕಿ ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಈ ರೋಗ 2024ರಲ್ಲಿ ಕೇವಲ 15 ಜನರಲ್ಲಿ ಕಂಡುಬಂತು.

ಈ ಗೆಲುವು ಔಷಧಿಯದಲ್ಲ, ತಿಳುವಳಿಕೆಯದು. ದಾನಿಗಳ ನಿಯ್ಯತ್ತಿಗೆ ಇಲ್ಮ್ ಜೊತೆಯಾದಾಗ ಮಾತ್ರ ಆ ನೀರು ನಿಜವಾಗಿ ಸದಖಾ ಆಯಿತು.

ನಮ್ಮ ಬಡಾವಣೆಗಳಲ್ಲಿ ಇಂದು ಮೆಟ್ಟಿಲು ಬಾವಿಗಳಿಲ್ಲ. ಕೊಳವೆಬಾವಿ, ಟ್ಯಾಂಕರ್, ಸಂಪುಗಳಿವೆ. ಆದರೆ ಚರಂಡಿ ನೀರು ಬೆರೆತ ನೀರಿನಿಂದ ಬರುವ ಅಮೀಬಾ, ಜಿಯಾರ್ಡಿಯಾದಂತಹ ಪರಾವಲಂಬಿಗಳು ಇನ್ನೂ ಇವೆ. ಇವು ಸೈಕ್ಲಾಪ್ಸ್‌ಗಿಂತ ಎಷ್ಟೋ ಸಣ್ಣವು. ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ, ನೀರನ್ನು ಚೆನ್ನಾಗಿ ಕುದಿಸಲೇಬೇಕು. ಸಂಪಿಗೆ ಭದ್ರವಾದ ಮುಚ್ಚಳವಿರಬೇಕು, ಅದನ್ನು ಆಗಾಗ ತೊಳೆಸಬೇಕು. ನಿಂತ ನೀರನ್ನು ಮಲಿನಗೊಳಿಸಬಾರದು, ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು ಎಂದು ಪ್ರವಾದಿವರ್ಯರು (ಸ) ಕಲಿಸಿದ್ದನ್ನು ನಮ್ಮ ಮಕ್ಕಳು ಮಕ್ತಬ್‌ನಲ್ಲಿಯೇ ಓದುತ್ತಾರೆ.

ಮಸೀದಿಗೆ, ಶಾಲೆಗೆ ನೀರಿನ ಟ್ಯಾಂಕ್ ಕೊಡಿಸುವ ದಾನಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದರ ಮೇಲೆ ಹೆಸರು ಬರೆಸುವುದರ ಜೊತೆಗೆ ವರ್ಷಕ್ಕೆ ಎರಡು ಬಾರಿಯಾದರೂ ಅದನ್ನು ತೊಳೆಸುವ, ನೀರನ್ನು ಪರೀಕ್ಷೆಗೆ ಕಳಿಸುವ ಹೊಣೆಯನ್ನೂ ಅವರು ಹೊರಲಿ. ಆ ಟ್ಯಾಂಕ್‌ನ ನೀರು ಕುಡಿಯುವ ಮಗು ಹೊಟ್ಟೆನೋವಿನಿಂದ ಶಾಲೆ ತಪ್ಪಿಸದಿರಲಿ.