ವಸಂತದ ಕೊನೆಯ ತುಷಾರ

ವಸಂತದ ಕೊನೆಯ ತುಷಾರ ಎಂದರೆ ಚಳಿಗಾಲ ಮುಗಿದು ವಸಂತ ಋತು ಆರಂಭವಾದ ಮೇಲೆ ಒಂದು ಸ್ಥಳದ ಉಷ್ಣಾಂಶವು 0 ಡಿಗ್ರಿ ಸೆಲ್ಸಿಯಸ್‌ಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯುವ ಕೊನೆಯ ಸಂದರ್ಭ. ಗಾಳಿಯಲ್ಲಿರುವ ನೀರಾವಿಯು ತಣ್ಣಗಾದ ನೆಲ, ಹುಲ್ಲು ಮತ್ತು ಎಲೆಗಳ ಮೇಲೆ ಹರಳುಗಟ್ಟಿ ಉಂಟಾಗುವ ಬಿಳಿಯ ಪದರವನ್ನು ತುಷಾರ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದು ಫ್ರಾಸ್ಟ್. ಉತ್ತರ ಅಮೆರಿಕ ಮತ್ತು ಯುರೋಪಿನಂತಹ ಸಮಶೀತೋಷ್ಣ ಪ್ರದೇಶಗಳಲ್ಲಿ ಕೈತೋಟದ ಬಿತ್ತನೆ ಹಾಗೂ ನಾಟಿಯ ಕಾಲವನ್ನು ಈ ತುಷಾರದ ಆಧಾರದ ಮೇಲೆ ಲೆಕ್ಕಹಾಕಲಾಗುತ್ತದೆ.

ತುಷಾರ ಉಂಟಾಗುವ ಬಗೆ

ವಸಂತದ ತುಷಾರದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ನೆಲವು ಹಗಲು ಪಡೆದ ಶಾಖವನ್ನು ವಿಕಿರಣದ ಮೂಲಕ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಇದರಿಂದ ನೆಲಕ್ಕೆ ಹೊಂದಿದ ಗಾಳಿಯು ಮೇಲಿನ ಗಾಳಿಗಿಂತ ತಣ್ಣಗಾಗುತ್ತದೆ. ಇದು ವಿಕಿರಣ ತುಷಾರ. ಧ್ರುವ ಪ್ರದೇಶದ ಕಡೆಯಿಂದ ಶೀತ ಗಾಳಿಯ ದೊಡ್ಡ ರಾಶಿಯೇ ಬೀಸಿ ಬಂದು ಉಷ್ಣಾಂಶವನ್ನು ಇಳಿಸುವುದು ಎರಡನೆಯ ಬಗೆ. ಮೊದಲನೆಯದರಿಂದ ಗಿಡಗಳನ್ನು ಕಾಪಾಡುವುದು ಸುಲಭ, ಎರಡನೆಯದರಿಂದ ಕಷ್ಟ.

ಹವಾಮಾನ ಕೇಂದ್ರಗಳು ಉಷ್ಣಾಂಶವನ್ನು ನೆಲದಿಂದ ಸುಮಾರು ಒಂದೂವರೆಯಿಂದ ಎರಡು ಮೀಟರ್ ಎತ್ತರದಲ್ಲಿ ಅಳೆಯುತ್ತವೆ. ಶಾಂತವಾದ ರಾತ್ರಿಯಲ್ಲಿ ನೆಲಮಟ್ಟದ ಉಷ್ಣಾಂಶ ಇದಕ್ಕಿಂತ ಹಲವು ಡಿಗ್ರಿ ಕಡಿಮೆ ಇರಬಹುದು. ಆದ್ದರಿಂದ ಮುನ್ಸೂಚನೆಯು 2 ಅಥವಾ 3 ಡಿಗ್ರಿ ಸೆಲ್ಸಿಯಸ್ ಎಂದು ತಿಳಿಸಿದ ರಾತ್ರಿಯೂ ಎಲೆಗಳ ಮೇಲೆ ತುಷಾರ ಬೀಳುವುದುಂಟು. ತಣ್ಣನೆಯ ಗಾಳಿ ಭಾರವಾಗಿರುವುದರಿಂದ ಇಳಿಜಾರಿನಲ್ಲಿ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹೀಗಾಗಿ ಒಂದೇ ಊರಿನ ದಿಣ್ಣೆಯ ಮೇಲಿನ ತೋಟ ಉಳಿದು ತಗ್ಗಿನ ತೋಟ ಹಾಳಾಗಬಹುದು.

ಸಸ್ಯಗಳಿಗೆ ಆಗುವ ಹಾನಿ

ಉಷ್ಣಾಂಶ ಘನೀಕರಣ ಬಿಂದುವಿಗಿಂತ ಇಳಿದಾಗ ಮೊದಲು ಜೀವಕೋಶಗಳ ನಡುವಿನ ನೀರು ಹೆಪ್ಪುಗಟ್ಟುತ್ತದೆ. ಈ ಮಂಜುಗಡ್ಡೆಯು ಕೋಶಗಳ ಒಳಗಿನ ನೀರನ್ನು ಹೊರಗೆ ಎಳೆದುಕೊಳ್ಳುವುದರಿಂದ ಕೋಶಗಳು ಒಣಗಿ, ಅವುಗಳ ಪೊರೆ ಹಾಳಾಗುತ್ತದೆ. ಬಿಸಿಲೇರಿದಾಗ ಎಲೆಗಳು ನೀರಿನಲ್ಲಿ ನೆನೆದಂತೆ ಕಂಡು, ಬಾಡಿ, ಕಪ್ಪಾಗುತ್ತವೆ.

ಎಲ್ಲ ಗಿಡಗಳೂ ಸಮಾನವಾಗಿ ನಲುಗುವುದಿಲ್ಲ. ಆಲೂಗಡ್ಡೆಯ ಚಿಗುರು ಸುಟ್ಟುಹೋದರೂ ಮಣ್ಣಿನೊಳಗಿನ ಗಡ್ಡೆಯಿಂದ ಮತ್ತೆ ಚಿಗುರೊಡೆಯಬಲ್ಲದು. ಎಳೆಯ ಮೆಕ್ಕೆಜೋಳದ ಬೆಳೆಯುವ ತುದಿಯು ಕೆಲವು ವಾರ ಮಣ್ಣಿನ ಕೆಳಗೇ ಇರುವುದರಿಂದ ಅದೂ ಚೇತರಿಸಿಕೊಳ್ಳಬಹುದು. ಟೊಮೇಟೊ, ಬದನೆ, ಸೌತೆ ಮತ್ತು ಬೀನ್ಸ್ ಸಸಿಗಳು ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಸಾಯುತ್ತವೆ. ಹಣ್ಣಿನ ಮರಗಳಿಗೆ ಹೂವಿನ ಕಾಲ ಅತ್ಯಂತ ಅಪಾಯದ್ದು. ಪೂರ್ಣವಾಗಿ ಅರಳಿದ ಸೇಬಿನ ಹೂಗಳಲ್ಲಿ ಸುಮಾರು −2.2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 10ರಷ್ಟು, ಸುಮಾರು −3.9 ಡಿಗ್ರಿಯಲ್ಲಿ ಶೇ. 90ರಷ್ಟು ನಾಶವಾಗುತ್ತವೆ.

ಕೊನೆಯ ತುಷಾರದ ದಿನಾಂಕ

ಒಂದು ಊರಿನ "ಕೊನೆಯ ತುಷಾರದ ದಿನಾಂಕ" ಎಂದು ಪ್ರಕಟವಾಗುವುದು ನಿಶ್ಚಿತ ದಿನವಲ್ಲ, ಅದೊಂದು ಸಂಭವನೀಯತೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದನ್ನು 30 ವರ್ಷಗಳ ದಾಖಲೆಯಿಂದ ಲೆಕ್ಕಹಾಕುತ್ತಾರೆ. ಈಗ ಬಳಕೆಯಲ್ಲಿರುವುದು 1991–2020ರ ಅವಧಿಯ ದಾಖಲೆ. ಉದಾಹರಣೆಗೆ, ಒಂದು ಊರಿಗೆ ಶೇ. 50ರ ದಿನಾಂಕ ಮೇ 1 ಎಂದಿದ್ದರೆ, ಸರಾಸರಿ ಎರಡು ವರ್ಷಗಳಲ್ಲಿ ಒಂದು ವರ್ಷ ಆ ದಿನದ ನಂತರವೂ ತುಷಾರ ಬೀಳುತ್ತದೆ ಎಂದರ್ಥ. ಆ ದಿನವೇ ಟೊಮೇಟೊ ನೆಡುವವರು ಸಸಿಗಳನ್ನು ಕಳೆದುಕೊಳ್ಳುವ ಸಾಧ್ಯತೆ ಅರ್ಧದಷ್ಟಿರುತ್ತದೆ. ಆದ್ದರಿಂದ ಸೂಕ್ಷ್ಮ ಗಿಡಗಳಿಗೆ ಶೇ. 10ರ ದಿನಾಂಕವನ್ನು, ಅಂದರೆ ಹತ್ತು ವರ್ಷಗಳಲ್ಲಿ ಒಮ್ಮೆ ಮಾತ್ರ ಮೀರುವ ದಿನಾಂಕವನ್ನು, ಆಧರಿಸುವುದು ಕ್ಷೇಮ.

ಅಮೆರಿಕದ ಕೃಷಿ ಇಲಾಖೆಯ ಸಸ್ಯ ಸಹಿಷ್ಣುತಾ ವಲಯಗಳ ನಕ್ಷೆಯನ್ನು ಹಲವರು ಇದೇ ಉದ್ದೇಶಕ್ಕೆ ಬಳಸುವುದುಂಟು. ಆದರೆ 2023ರಲ್ಲಿ ಪರಿಷ್ಕೃತವಾದ ಈ ನಕ್ಷೆಯು ಚಳಿಗಾಲದ ಕನಿಷ್ಠ ಉಷ್ಣಾಂಶದ ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಬಹುವಾರ್ಷಿಕ ಗಿಡವೊಂದು ಚಳಿಗಾಲವನ್ನು ದಾಟಬಲ್ಲದೇ ಎಂಬುದನ್ನು ಅದು ತಿಳಿಸುತ್ತದೆ, ಯಾವಾಗ ನೆಡಬೇಕು ಎಂಬುದನ್ನಲ್ಲ.

ಮಧ್ಯ ಯುರೋಪಿನ ಹಿಮದ ಸಂತರು

ಜರ್ಮನಿ, ಆಸ್ಟ್ರಿಯಾ ಮತ್ತು ನೆರೆಯ ದೇಶಗಳಲ್ಲಿ ಮೇ 11ರಿಂದ 15ರವರೆಗಿನ ದಿನಗಳನ್ನು "ಹಿಮದ ಸಂತರ" ದಿನಗಳೆಂದು ಕರೆಯುವ ವಾಡಿಕೆಯಿದೆ. ಮಮೆರ್ಟಸ್, ಪ್ಯಾಂಕ್ರಸ್, ಸರ್ವೇಶಿಯಸ್, ಬೋನಿಫೇಸ್ ಮತ್ತು ಸೋಫಿಯಾ ಎಂಬ ಸಂತರ ಸ್ಮರಣೆಯ ದಿನಗಳಿವು. ಕೊನೆಯ ದಿನಕ್ಕೆ "ತಣ್ಣನೆಯ ಸೋಫಿ" ಎಂಬ ಹೆಸರಿದೆ. ಈ ದಿನ ಕಳೆಯುವವರೆಗೆ ಸೂಕ್ಷ್ಮ ಸಸಿಗಳನ್ನು ಹೊರಗೆ ನೆಡಬಾರದೆಂಬುದು ಅಲ್ಲಿನ ರೈತರ ನಂಬಿಕೆ. 1582ರಲ್ಲಿ ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದಾಗ ದಿನಾಂಕಗಳು ಹತ್ತು ದಿನ ಮುಂದಕ್ಕೆ ಜಿಗಿದವು. ಆದ್ದರಿಂದ ಅದಕ್ಕೂ ಹಿಂದಿನ ಅನುಭವವು ಇಂದಿನ ಲೆಕ್ಕದಲ್ಲಿ ಮೇ ತಿಂಗಳ ಮೂರನೆಯ ವಾರದ ಆಸುಪಾಸಿಗೆ ಸಲ್ಲುತ್ತದೆ.

ನಾಟಿಯ ಕಾಲ

ಕೈತೋಟದ ತರಕಾರಿಗಳನ್ನು ತುಷಾರವನ್ನು ತಾಳುವ ಶಕ್ತಿಗೆ ಅನುಗುಣವಾಗಿ ವಿಂಗಡಿಸಬಹುದು.

* ತಾಳಿಕೊಳ್ಳುವವು: ಬಟಾಣಿ, ಪಾಲಕ್, ಈರುಳ್ಳಿ, ಎಲೆಕೋಸು. ಇವನ್ನು ಕೊನೆಯ ತುಷಾರದ ಸರಾಸರಿ ದಿನಾಂಕಕ್ಕೆ ನಾಲ್ಕರಿಂದ ಆರು ವಾರ ಮೊದಲೇ ಹಾಕಬಹುದು.
* ಸ್ವಲ್ಪ ತಾಳುವವು: ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ. ಇವಕ್ಕೆ ಎರಡರಿಂದ ನಾಲ್ಕು ವಾರ ಮೊದಲಿನ ಕಾಲ ಸೂಕ್ತ.
* ತಾಳದವು: ಟೊಮೇಟೊ, ಬೀನ್ಸ್, ಮೆಣಸಿನಕಾಯಿ, ಬದನೆ, ಸೌತೆ, ಕುಂಬಳ, ಬೆಂಡೆ. ಇವನ್ನು ತುಷಾರದ ಭಯ ಕಳೆದ ಮೇಲೆ, ಮಣ್ಣು ಬೆಚ್ಚಗಾದಾಗ ನೆಡಬೇಕು.

ಟೊಮೇಟೊಗೆ ಮಣ್ಣಿನ ಉಷ್ಣಾಂಶ ಸುಮಾರು 16 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಂಡೆ ಮತ್ತು ಬದನೆಗೆ ಇನ್ನೂ ಹೆಚ್ಚು. ತಣ್ಣನೆಯ ಮಣ್ಣಿನಲ್ಲಿ ನೆಟ್ಟ ಸಸಿ ಬದುಕಿದರೂ ಬೆಳವಣಿಗೆ ಕುಂಠಿತವಾಗುವುದರಿಂದ, ಬೇಗ ನೆಟ್ಟದ್ದರಿಂದ ಹೆಚ್ಚಿನ ಲಾಭವಾಗುವುದಿಲ್ಲ. ಟೊಮೇಟೊ ಬೀಜವನ್ನು ನಾಟಿಗೆ ಆರರಿಂದ ಎಂಟು ವಾರ ಮೊದಲು ಮನೆಯೊಳಗೆ ಬಿತ್ತಿ, ನಾಟಿಗೆ ಮುಂಚೆ ಒಂದು ವಾರದಿಂದ ಹತ್ತು ದಿನ ಸಸಿಗಳನ್ನು ದಿನೇದಿನೇ ಹೆಚ್ಚು ಹೊತ್ತು ಹೊರಗಿಟ್ಟು ಬಿಸಿಲು ಗಾಳಿಗೆ ಒಗ್ಗಿಸಬೇಕು.

ಕರ್ನಾಟಕದಲ್ಲಿ ಬಿತ್ತನೆಯನ್ನು ನಿರ್ಧರಿಸುವುದು ಮುಖ್ಯವಾಗಿ ಮಳೆ. ಆದ್ದರಿಂದ ಅಮೆರಿಕ ಅಥವಾ ಯುರೋಪಿನಲ್ಲಿ ನೆಲೆಸಿ ಬದನೆ, ಬೆಂಡೆ, ಹೀರೆ ಬೆಳೆಯುವ ಕನ್ನಡಿಗರು ಮಳೆಯ ಲೆಕ್ಕದ ಬದಲು ತುಷಾರದ ಲೆಕ್ಕವನ್ನು ಅನುಸರಿಸಬೇಕಾಗುತ್ತದೆ.

ರಕ್ಷಣಾ ಕ್ರಮಗಳು

ತುಷಾರದ ಮುನ್ಸೂಚನೆ ಇದ್ದಾಗ ಸೂರ್ಯಾಸ್ತಕ್ಕೆ ಮೊದಲೇ ಗಿಡಗಳ ಮೇಲೆ ಬಟ್ಟೆ ಹೊದಿಸಿ, ಅದರ ಅಂಚು ನೆಲಕ್ಕೆ ತಾಗುವಂತೆ ಮಾಡುತ್ತಾರೆ. ಮಣ್ಣಿನಿಂದ ಹೊರಡುವ ಶಾಖ ಹೊದಿಕೆಯೊಳಗೆ ಉಳಿಯುತ್ತದೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೊದಿಕೆಯನ್ನು ತೆಗೆಯಬೇಕು. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದರೆ ತಾಗಿದ ಕಡೆ ಹಾನಿಯಾಗುತ್ತದೆ. ತೇವವಿರುವ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖವನ್ನು ಹಿಡಿದಿಡುವುದರಿಂದ ಹಗಲಿನಲ್ಲಿ ನೀರು ಹಾಯಿಸುವುದು ಸಹಾಯಕ. ದೊಡ್ಡ ಹಣ್ಣಿನ ತೋಟಗಳಲ್ಲಿ ತುಂತುರು ನೀರು ಹಾಯಿಸುತ್ತಾರೆ. ಒಂದು ಕಿಲೋಗ್ರಾಂ ನೀರು ಹೆಪ್ಪುಗಟ್ಟುವಾಗ ಬಿಡುಗಡೆಯಾಗುವ ಸುಮಾರು 334 ಕಿಲೋಜೂಲ್ ಶಾಖವು ಹೂಗಳನ್ನು ಉಳಿಸುತ್ತದೆ. ಮಂಜುಗಡ್ಡೆ ಕರಗುವ ಮೊದಲೇ ನೀರು ನಿಂತರೆ ಹಾನಿ ಇನ್ನೂ ಹೆಚ್ಚಾಗಬಹುದು.

ಹವಾಮಾನ ಬದಲಾವಣೆಯ ಪರಿಣಾಮ

ಭೂಮಿಯ ಉಷ್ಣಾಂಶ ಏರುತ್ತಿರುವುದರಿಂದ ಅನೇಕ ಕಡೆ ಕೊನೆಯ ತುಷಾರ ಹಿಂದಿಗಿಂತ ಬೇಗ ಮುಗಿಯುತ್ತಿದೆ. ಆದರೆ ಗಿಡಗಳೂ ಬೇಗ ಚಿಗುರಿ ಹೂಬಿಡುವುದರಿಂದ ಅಪಾಯವು ತಪ್ಪಿಲ್ಲ. 2012ರ ಮಾರ್ಚ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಕಾಲಿಕ ಸೆಕೆಯಿಂದ ಹಣ್ಣಿನ ಮರಗಳು ಬೇಗ ಹೂಬಿಟ್ಟವು. ಏಪ್ರಿಲ್‌ನಲ್ಲಿ ಮತ್ತೆ ಮತ್ತೆ ಬಿದ್ದ ತುಷಾರದಿಂದ ಅಲ್ಲಿನ ಸೇಬಿನ ಬೆಳೆಯ ಬಹುಪಾಲು ನಾಶವಾಯಿತು. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೂ ಇಂತಹ ಹಾನಿಯಾಯಿತು. ಚಿಗುರನ್ನು ಉಳಿಸಲು ಬೆಳೆಗಾರರು ರಾತ್ರಿಯಿಡೀ ಸಾಲುಗಳ ನಡುವೆ ದೊಡ್ಡ ಮೇಣದ ಬತ್ತಿಗಳನ್ನು ಉರಿಸಿದರು.